ತಗಡಿನ ಬಂಡಿಗೆ ಬೆಲ್ಲದ ಸುಣ್ಣ

ಮದುವೆಯ ದಿನ ಪ್ರಭಂಜನರಾಯ ತನ್ನ ಅತ್ತೆಗೆ ಒಂದು ಮಾತು ಕೊಟ್ಟಿದ್ದ. ಹುಡುಗಿಯನ್ನು ಒಪ್ಪಿಸಿಕೊಡುವ ಹೊತ್ತು. ಕಂಪ್ಲಿಯ ಮನೆಯ ಪಡಸಾಲೆಯಲ್ಲಿ ಅತ್ತೆ ಕೃಷ್ಣಾಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ನಮ್ಮ ಇಂದಿರಾ ಬಿಸಲು ಕಂಡಾಕಿ ಅಲ್ಲರಿ” ಎಂದರು. ಅಳುವ ಹೆಂಗಸಿನ ಎದುರು ಏನಾದರೂ ಹೇಳಲೇಬೇಕಲ್ಲ ಎಂದು ಪ್ರಭಂಜನ, “ನಿಮ್ಮ ಮಗಳಿಗೆ ಬಿಸಲು ತಾಗಗೊಡೂದಿಲ್ಲ, ಚಿಂತಿ ಮಾಡಬ್ಯಾಡ್ರಿ” ಎಂದುಬಿಟ್ಟ. ಬಳ್ಳಾರಿ ಸೀಮೆಯಲ್ಲಿ ಇದ್ದುಕೊಂಡು ಇಂಥ ಮಾತು ಕೊಡುವವನು ಒಂದೋ ದೇವರಾಗಿರಬೇಕು, ಇಲ್ಲವೇ ಆ ದಿನದ ಮದುಮಗನಾಗಿರಬೇಕು.

ಪ್ರಭಂಜನ ಎಂದರೆ ಬಿರುಗಾಳಿ. ಹೆಸರಿಟ್ಟ ತಂದೆ ಏನು ಕಂಡು ಇಟ್ಟರೋ, ಆಳು ಮಾತ್ರ ಬೀಸಣಿಗೆಯ ಗಾಳಿಗೂ ಪಕ್ಕಕ್ಕೆ ಸರಿಯುವವನು. ಸಂಡೂರಿನ ಗುಡ್ಡಗಳ ಕಡೆಗೆ ರೈಲು ಹಾಕುವ ಮುಂಚೆ ನೆಲ ಅಳೆಯುತ್ತಾರಲ್ಲ, ಆ ತಂಡದಲ್ಲಿ ಅವನು ಗುಮಾಸ್ತ. ಇವತ್ತು ಈ ಬಯಲು, ಮುಂದಿನ ತಿಂಗಳು ಆ ಗುಡ್ಡದ ಬುಡ. ಹೆಂಡತಿಯನ್ನು ಎಲ್ಲಿ ಇಡುವುದು? ಇಂದಿರಾಬಾಯಿ ಕಂಪ್ಲಿಯಲ್ಲೇ ಉಳಿದಳು. ಮಗಳು ಗಂಗಾ ಅಲ್ಲೇ ಹುಟ್ಟಿದಳು, ಅಲ್ಲೇ ನಡೆಯಲು ಕಲಿತಳು, ಅಲ್ಲೇ ಮಾತು ಕಲಿತಳು. ದಸರೆಗೊಮ್ಮೆ ಉಗಾದಿಗೊಮ್ಮೆ ಇವನು ಹೋದರೆ ಅಜ್ಜಿಯ ಹಿಂದೆ ಅಡಗಿಕೊಂಡು, “ಈ ಮಾಮಾ ಯಾವಾಗ ಹೋಗ್ತಾರ?” ಎಂದು ಕೇಳುತ್ತಿದ್ದಳು.

ಇಂಥವನಿಗೆ ಒಂದು ದಿನ ಮನೆ ಸಿಕ್ಕಿತು. ಚಕ್ರದ ಮೇಲಿನ ಮನೆ. ಮದರಾಸಿನಿಂದ ಬಂದ ಬಿಳಿ ಎಂಜಿನಿಯರ ದೊರೆ ತನಗಾಗಿ ಮಾಡಿಸಿಕೊಂಡಿದ್ದ ತಗಡಿನ ಬಂಡಿ ಅದು. ನಾಲ್ಕು ಗಾಲಿ, ಎರಡು ಕಿಟಕಿ, ಒಳಗೆ ಮಲಗುವುದಕ್ಕೆ ಹಲಗೆ, ಮಡಚುವ ಮೇಜು. ಜೋಡೆತ್ತು ಹೂಡಿದರೆ ಮನೆಯೇ ಹೊರಡುತ್ತಿತ್ತು. ಆದರೆ ಗೋಡೆಯೂ ತಗಡು, ಮಾಳಿಗೆಯೂ ತಗಡು. ದೊರೆ ಮೊದಲನೆಯ ಬೇಸಗೆಯಲ್ಲೇ ಸುಟ್ಟ ಬದನೆಕಾಯಿಯ ಹಾಗೆ ಹೊರಗೆ ಬಂದವನು ನೀಲಗಿರಿಗೆ ಹೋದ, ತಿರುಗಿ ಬರಲಿಲ್ಲ. ಬಂಡಿ ಕಾಯುವವರು ಯಾರಾದರೂ ಬೇಕಲ್ಲ? ಎಲ್ಲರೂ ಪ್ರಭಂಜನನ ಕಡೆ ನೋಡಿದರು. ಅವನು ಪಕ್ಕಕ್ಕೆ ಸರಿಯುವಷ್ಟರಲ್ಲಿ ಬೀಗದ ಕೈ ಅವನ ಕೈಯಲ್ಲಿತ್ತು.

ಬಂಡಿ ಈಗ ಹೊಸಪೇಟೆಯ ಹೊರಗೆ, ಸಂಡೂರು ದಾರಿಯ ಬದಿಯ ಬಯಲಲ್ಲಿ ನಿಂತಿತ್ತು. ಒಂದು ಜಾಲಿ ಮರ ಬಿಟ್ಟರೆ ಸುತ್ತ ಏನೂ ಇಲ್ಲ. ಜಾಲಿಯ ನೆರಳೆಂದರೆ ಜಿಪುಣನ ದಾನದ ಹಾಗೆ, ಇದೆ ಎಂದು ಹೇಳಬಹುದು, ಕೈಗೆ ಸಿಗುವುದಿಲ್ಲ. ಮಧ್ಯಾಹ್ನ ಒಳಗೆ ಹಪ್ಪಳ ಹರವಿದರೆ ಎಣ್ಣೆ ಬೇಕಾಗಿರಲಿಲ್ಲ. ಸಾಲದ್ದಕ್ಕೆ ಗುಡ್ಡದಿಂದ ಅದಿರು ತರುವ ಬಂಡಿಗಳ ಕೆಂಧೂಳು. ಪ್ರಭಂಜನನ ಪಂಚೆ ಕೆಂಪು, ಹಾಸಿಗೆ ಕೆಂಪು, ಮೊಸರನ್ನ ಸಹ ಎರಡನೆಯ ತುತ್ತಿಗೆ ಕೆಂಪಾಗುತ್ತಿತ್ತು.

ಇವೆಲ್ಲ ಅವನಿಗೆ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಸಂಜೆ ಒಂದೇ. ಅಳತೆಯ ಆಳುಗಳು ತಮ್ಮ ತಮ್ಮ ಮನೆಗೆ ಹೋದ ಮೇಲೆ ಬಯಲಲ್ಲಿ ಮಾತಾಡುವುದಕ್ಕೆ ಒಂದು ಜೀವವೂ ಇರುತ್ತಿರಲಿಲ್ಲ. ಕಡೆಗೆ ಒಂದು ಇಲಿ ಗಂಟು ಬಿತ್ತು. ಬಂಡಿಯ ಅಚ್ಚಿನ ಕೆಳಗೆ ಅದರ ಬಿಲ. ಪ್ರಭಂಜನ ಎಲೆ ಹಾಕಿದ ಕೂಡಲೇ ಬಂದು ಬಾಗಿಲ ಬಳಿ ಕೂರುತ್ತಿತ್ತು. ತನಗಿಂತ ಮುಂಚೆ ಬಾಡಿಗೆ ಕೊಡದೆ ಬಂಡಿಯಲ್ಲಿದ್ದವನು ದೊರೆಯೊಬ್ಬನೇ ಆದ್ದರಿಂದ ಅದಕ್ಕೂ ದೊರೆ ಎಂದೇ ಹೆಸರಿಟ್ಟ. “ದೊರೆಗಳು ಊಟಕ್ಕ ಬರ್ರಿ” ಎಂದರೆ ಬರುತ್ತಿತ್ತು. ಆ ದಿನ ಅಳೆದದ್ದು, ಮೇಲಿನವರು ಬೈದದ್ದು, ಗಂಗಾಳಿಗೆ ಹಲ್ಲು ಬಿದ್ದ ಸುದ್ದಿ, ಎಲ್ಲವನ್ನೂ ಹೇಳುತ್ತಿದ್ದ. ಇಲಿ ಅನ್ನ ಮುಗಿಯುವ ತನಕ ಕೇಳುತ್ತಿತ್ತು. ಮನುಷ್ಯರೂ ಅಷ್ಟೇ ಅಲ್ಲವೇ?

ಬಂಡಿ ಕೈಗೆ ಬಂದಾಗಿನಿಂದ ಅವನು ಕಂಪ್ಲಿಗೆ ಹೇಳಿ ಕಳಿಸುತ್ತಲೇ ಇದ್ದ: ಮನೆ ಆಗಿದೆ, ಇಂದಿರೆಯನ್ನು ಕಳಿಸಿರಿ. ವೈಶಾಖದ ಒಂದು ಸಂಜೆ ಉತ್ತರ ಬಂತು. ಎಮ್ಮಿಗನೂರಿನಿಂದ ಭತ್ತ ಹೇರಿಕೊಂಡು ಕಂಪ್ಲಿಯ ಮೇಲೆ ಬಂದ ಬಂಡಿಯವನು ಎತ್ತು ನಿಲ್ಲಿಸಿ, ಬಾಯಿಪಾಠ ಒಪ್ಪಿಸುವವನಂತೆ ಹೇಳಿದ:

“ರಾಯರ, ನಿಮ್ಮ ಅತ್ತಿಯವರು ಹೇಳಿ ಕಳಿಸ್ಯಾರ. ನಾಳೆ ನಡುಮಧ್ಯಾಹ್ನಕ್ಕ ಮಗಳು ಮೊಮ್ಮಗಳನ್ನ ಕರಕೊಂಡು ಬರ್ತಾರಂತ. ನಿಮ್ಮ ಬಂಡಿ ಒಳಗ ತಂಪಿದ್ದು, ಸ್ವಚ್ಛ ಇದ್ದು, ನಾಕು ಮಂದಿ ನೆರಿಹೊರಿ ಇದ್ರ ಮಗಳನ್ನ ಬಿಟ್ಟು ಹೋಗ್ತಾರಂತ. ಇಲ್ಲಂದ್ರ ಬಂದ ಬಂಡ್ಯಾಗ ವಾಪಸ್ಸು ಕರಕೊಂಡು ಹೋಗ್ತಾರಂತ. ಆಮ್ಯಾಲೆ ಆ ಮಾತು ಎತ್ತಬಾರದಂತ.”

“ಮಧ್ಯಾಹ್ನಾನ ಯಾಕಪ್ಪ? ಸಂಜೀಮುಂದ ಬರಬಹುದಿತ್ತಲ್ಲ?”

“ಹಿಂಗ ಕೇಳ್ತಾರ, ಕೇಳಿದ್ರ ಹೇಳು ಅಂದಾರ. ಸಂಜೀಮುಂದ ಮಸಣಾನೂ ತಂಪಿರ್ತೈತಂತ.”

ಬೆಳಕು ಹರಿಯುವ ಮೊದಲೇ ಪ್ರಭಂಜನ ಮೂಕಣ್ಣನ ಮುಂದೆ ನಿಂತಿದ್ದ. ಬಂಡಿಮನೆಗೆ ಎತ್ತು ಹೂಡುವವನು ಮೂಕಣ್ಣ. ಹೆಸರಷ್ಟೇ ಮೂಕಣ್ಣ, ಅವನ ಬಾಯಿ ಮುಚ್ಚಿದ್ದನ್ನು ಅವನ ಎತ್ತುಗಳೂ ಕಂಡಿರಲಿಲ್ಲ.

“ಇದಕ್ಯಾಕ್ರಿ ಇಷ್ಟು ಚಿಂತಿ? ಬಿಳೇ ಸುಣ್ಣ ಬಳೀರಿ ರಾಯರ. ಬಿಳೇದು ಬಿಸಲನ್ನ ಒದ್ದು ಕಳಿಸ್ತೈತಿ. ನಮ್ಮ ಮಾವನ ಮನಿ ಮಾಳಿಗಿಗೆ ಬಳಿದಿದ್ವಿ, ವೈಶಾಖದಾಗ ಮಾವಗ ನೆಗಡಿ ಬಂದಿತ್ತು.”

“ಸುಣ್ಣ ಎಲ್ಲಿ ಸಿಗತದ ಇಷ್ಟು ಹೊತ್ತಿನಾಗ? ಕುಂಚ? ಬಕೆಟ್ಟು?”

“ಅದು ನನಗ ಬಿಡ್ರಿ” ಎಂದು ಮೂಕಣ್ಣ ಹೋದವನು, ಗಡಿಗೆಯಲ್ಲಿ ಸುಣ್ಣ, ಮಾರುದ್ದ ಕೋಲಿನ ಕುಂಚ, ಕೆಂಪು ಪಟ್ಟೆಯ ದೊಡ್ಡ ಬಕೆಟ್ಟು ಹೊತ್ತು ಬಂದ. ಎಲ್ಲಿಂದ ತಂದೆ ಎಂದು ಪ್ರಭಂಜನ ಕೇಳಲಿಲ್ಲ. ಮುಳುಗುವವನು ಹುಲ್ಲುಕಡ್ಡಿಯ ಕುಲಗೋತ್ರ ಕೇಳುತ್ತಾನೆಯೇ?

ಸುಣ್ಣ ಕಲಸುವುದನ್ನು ಕಂಡು ದಾರಿಯಂಚಿನ ಅಂಗಡಿಯ ಉಜ್ಜಿನಪ್ಪ ಬಂದ. ಬೆರಳಿನಿಂದ ಒಂದು ಚೂರು ಸುಣ್ಣ ಮುಟ್ಟಿ, ತಲೆಯಲ್ಲಾಡಿಸಿದ.

“ತಗಡಿಗೆ ಬರೇ ಸುಣ್ಣ ಹಿಡೀತೈತೇನ್ರಿ? ಒಣಗಿದ ಕೂಡ್ಲೆ ಹಪ್ಪಳಾಗಿ ಉದುರ್ತೈತಿ. ಬೆಲ್ಲ ಹಾಕ್ಬೇಕು ಬೆಲ್ಲ! ಹಂಪಿ ಮಂಟಪಗಳ ಗಾರಿ ಹಂಗ್ಯಾಕ ನಿಂತೈತಿ ಅಂತ ತಿಳಿದೀರಿ? ನಮ್ಮ ಅಂಗಡ್ಯಾಗ ಕಂಪ್ಲಿ ಬೆಲ್ಲ ಐತಿ. ಮ್ಯಾಲೆ ಸ್ವಲ್ಪ ಇಲಿ ಕಡದೈತಿ, ಗ್ವಾಡಿಗೇನ್ರಿ ಅದು?”

ಬೆಲ್ಲ ಬಿತ್ತು. ಅಷ್ಟರಲ್ಲಿ ಹಾಲು ಮಾರುವ ಕೊಟ್ರಬಸಮ್ಮ ತಲೆಯ ಮೇಲಿನ ಗಡಿಗೆ ಇಳಿಸದೆಯೇ ಬಗ್ಗಿ ನೋಡಿದಳು.

“ಏನ್ರಿ ಇದು ರಾಯರ, ಬಂಡಿಗೆ ಪಾಯಸಾ ಕುಡಸಾಕ ಹತ್ತೀರಿ? ನುಣುಪು ಬರಬೇಕಂದ್ರ ಪಾಪಾಸುಕಳ್ಳಿ ಲೋಳಿ ಹಾಕ್ರಿ. ಧೂಳು ಕುಂದ್ರಂಗಿಲ್ಲ, ಒಂದ್ ಅರಿವಿಲೆ ಒರಸಿದ್ರ ಹೋತು. ಬೆಲ್ಲ ಹಾಕೀರಲ್ಲ, ಮಧ್ಯಾಹ್ನಕ್ಕ ನಿಮ್ಮ ಅತ್ತಿ ಬರೂದಕ್ಕೂ ಊರ ಇರುವಿ ಬರೂದಕ್ಕೂ ಸರಿಹೋಗ್ತೈತಿ ನೋಡ್ರಿ.”

“ಇರುವೆ!” ಎಂದು ಪ್ರಭಂಜನ ತಲೆಯ ಮೇಲೆ ಕೈ ಹೊತ್ತ.

“ಅದಕ್ಕೂ ಐತ್ರಿ” ಎಂದ ಉಜ್ಜಿನಪ್ಪ, ಗುಟ್ಟು ಹೇಳುವವನಂತೆ. “ಮೈಲುತುತ್ತ. ಒಂದ್ ಹಿಡಿ ಹಾಕಿದ್ರ ಇರುವಿ ಅಲ್ಲ, ಇರುವಿ ನೆಳ್ಳೂ ಹತ್ರ ಬರಂಗಿಲ್ಲ.”

ರೋಗವೂ ಅವನ ಅಂಗಡಿಯಲ್ಲೇ, ಔಷಧವೂ ಅವನ ಅಂಗಡಿಯಲ್ಲೇ. ಕಳ್ಳಿಯ ಲೋಳೆಯೂ ಬಿತ್ತು, ಮೈಲುತುತ್ತವೂ ಬಂತು. ನುಣ್ಣಗೆ ಅರೆಯುವುದಕ್ಕೆ ಹೊತ್ತಿರಲಿಲ್ಲ. ನೀಲಿ ಹರಳುಗಳು ಕಲ್ಲುಸಕ್ಕರೆಯಂತೆ ಬೆಲ್ಲದ ಸುಣ್ಣದಲ್ಲಿ ಹಾಗೇ ಉಳಿದವು.

ಬಿಸಿಲೇರುವ ಹೊತ್ತಿಗೆ ಪ್ರಭಂಜನ ಮಾಳಿಗೆಯಿಂದ ಅಚ್ಚಿನ ತನಕ ಬಳಿದು ಮುಗಿಸಿದ್ದ. ತನಗೂ ಅರ್ಧ ಬಳಿದುಕೊಂಡಿದ್ದ. ಬಳ್ಳಾರಿಯ ಬಿಸಿಲು ಅವನ ಆಯುಷ್ಯದಲ್ಲಿ ಮೊದಲ ಸಲ ಅವನ ಪರವಾಗಿ ಕೆಲಸ ಮಾಡಿತು. ಕುಂಚ ತೊಳೆಯುವಷ್ಟರಲ್ಲಿ ಬಂಡಿ ಒಣಗಿತ್ತು. ತುಸು ನೀಲಿ ಬೆರೆತ ಬಿಳುಪು, ಆಗಷ್ಟೇ ಇಸ್ತ್ರಿಯಾದ ಅಂಗಿಯ ಹಾಗೆ. ಕೆಂಧೂಳು ಬಂದು ಕೂತಿತು. ಒದ್ದೆ ಬಟ್ಟೆಯಿಂದ ಒರೆಸಿದ, ಹೋಯಿತು. ಒಳಗೆ ಹೋಗಿ ಗೋಡೆಗೆ ಅಂಗೈ ಇಟ್ಟ. ಕೈ ಸುಡಲಿಲ್ಲ. ಕೆನ್ನೆ ಇಟ್ಟು ನೋಡಿದ. ಕೆನ್ನೆ ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತ. ಹಲಗೆಯ ಮೇಲೆ ಇಂದಿರೆ, ಆ ಮೂಲೆಯಲ್ಲಿ ಗಂಗಾಳ ಹಾಸಿಗೆ, ಕಿಟಕಿಯಲ್ಲಿ ಒಂದು ಹೂಜಿ. ಸಂಜೆ ಮಾತಾಡಲು ಇಬ್ಬರು.

ಹೊರಗೆ ಬಂದಾಗ ದೊರೆ ಅಚ್ಚಿನ ಬಳಿ ಕೂತು ಹೊಸ ಸುಣ್ಣವನ್ನು ನೆಕ್ಕುತ್ತಿತ್ತು.

“ದೊರೆಗಳ, ಇವತ್ತ ಹಬ್ಬದ ದಿನ, ತಿನ್ನರಿ” ಎಂದ ಪ್ರಭಂಜನ. “ಇನ್ನ ಮ್ಯಾಲೆ ಸ್ವಲ್ಪ ದೂರ ಇರ್ರಿ ಮತ್ತ. ನಮ್ಮ ಅತ್ತೀದು ಭಾಳ ಮಡಿ.”

ಆಮೇಲೆ ಬಕೆಟ್ಟನ್ನು ತೊಳೆದು, ಬಾಗಿಲ ಮುಂದೆ ಬೋರಲು ಹಾಕಿ, ಕುಂಚವನ್ನು ಪಕ್ಕದಲ್ಲಿ ನಿಲ್ಲಿಸಿ, ಸ್ನಾನಕ್ಕೆ ಕಾಲುವೆಗೆ ಹೋದ. ಅಲ್ಲಿಂದ ಶುರುವಾಯಿತು.

ಹನ್ನೊಂದಕ್ಕೆ ಹಾಲು ತಂದುಕೊಡುತ್ತೇನೆ ಎಂದಿದ್ದ ಕೊಟ್ರಬಸಮ್ಮ ಬರಲಿಲ್ಲ. ಇವನೇ ಅವಳ ಮನೆಗೆ ಹೊರಟ. ಎದುರಿಗೆ ಬರುತ್ತಿದ್ದ ಇಬ್ಬರು ಇವನನ್ನು ಕಂಡು ದಾರಿ ಬಿಟ್ಟು ಮುಳ್ಳಿನಲ್ಲಿ ಇಳಿದು ನಡೆದರು. ಎಷ್ಟು ಮರ್ಯಾದೆ ಎಂದುಕೊಂಡ. ಕೊಟ್ರಬಸಮ್ಮನ ಬಾಗಿಲು ಹಾಕಿತ್ತು, ಒಳಗಿನಿಂದ, “ಎಮ್ಮಿ ಒದ್ದುಬಿಡ್ತುರೀ, ಹಾಲಿಲ್ಲ!” ಎಂಬ ಕೂಗು. ಎಮ್ಮೆ ಹೊರಗೆ ಸಾಧುವಾಗಿ ಮೆಲುಕು ಹಾಕುತ್ತ ನಿಂತಿತ್ತು. ಉಜ್ಜಿನಪ್ಪನ ಅಂಗಡಿಗೆ ಹೋಗಿ ಸಕ್ಕರೆ ಕೇಳಿದರೆ ಅವನು ಪೊಟ್ಟಣ ಕಟ್ಟಿ, ಒಲೆ ಕೆದಕುವ ಕೋಲಿನ ತುದಿಗೆ ಸಿಕ್ಕಿಸಿ, ದೂರದಿಂದ ಚಾಚಿದ.

“ಏನಿದು ಉಜ್ಜಿನಪ್ಪ? ನಾ ಏನ್ ಕರಡಿ ಏನು?”

“ರಾಯರ, ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಆದ್ರ ನನಗ ನಾಕು ಮಕ್ಳು.” ಉಜ್ಜಿನಪ್ಪ ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಹಿಡಿದುಕೊಂಡಿದ್ದ. “ಯಾರಿಗೆ ಬಂದೈತ್ರಿ? ನಿಮಗೇನಾ?”

“ಏನು ಬಂದದ?”

“ಪ್ಲೇಗು.”

ಹಿಂದಿನ ವರ್ಷ, ಪ್ರಭಂಜನ ಇನ್ನೂ ಬೇರೆ ಬಯಲಲ್ಲಿದ್ದಾಗ, ಪ್ಲೇಗಿಗೆ ಊರೇ ಖಾಲಿಯಾಗಿತ್ತು. ಯಾವ ಮನೆಯಲ್ಲಿ ಸಾವಾಗುತ್ತಿತ್ತೋ ಆ ಮನೆಗೆ ಪ್ಲೇಗಿನ ಆಳುಗಳು ಬಂದು, ಬುಡದಿಂದ ತುದಿಯ ತನಕ ಸುಣ್ಣ ಬಳಿದು ಹೋಗುತ್ತಿದ್ದರು. ಆ ಉದ್ದ ಕೋಲಿನ ಕುಂಚ ಯಾವ ಮನೆಯ ಮುಂದೆ ಕಂಡರೂ ಜನ ಆ ಬೀದಿಯನ್ನೇ ಬಿಡುತ್ತಿದ್ದರು. ಕೆಂಪು ಪಟ್ಟೆಯ ಬಕೆಟ್ಟು ಇಡೀ ಹೊಸಪೇಟೆಯಲ್ಲಿ ಒಂದೇ ಒಂದು. ಅದು ಇದ್ದದ್ದು ಊರಾಚೆಯ ಪ್ಲೇಗಿನ ಶೆಡ್ಡಿನಲ್ಲಿ. ಶೆಡ್ಡು ಕಾಯುವ ಹನುಮಣ್ಣ ಮೂಕಣ್ಣನ ಷಡ್ಡಕ.

“ಅಯ್ಯೋ ಮಾರಾಯ, ನೀನೇ ನೋಡೀಯಲ್ಲೋ! ನಾ ಬಳದದ್ದು ತಂಪಿಗೆ! ಬೆಲ್ಲ ಕೊಟ್ಟಾಂವ ನೀನೇ!”

“ಕೊಟ್ಟಾಗ ಬಕೆಟ್ಟಿಗೆಲ್ಲ ಸುಣ್ಣ ಮೆತ್ತಿತ್ತು, ಕೆಂಪು ಪಟ್ಟಿ ಕಂಡಿರಲಿಲ್ರಿ. ಬಂದೈತಿ ಅಂತ ಮೊದ್ಲಿಗೆ ಯಾರ ಹೇಳ್ತಾರ? ಎಲ್ಲಾರೂ ತಂಪಿಗೆ ಅಂತಾನ ಅಂತಾರ.”

ಪ್ರಭಂಜನ ಮೂಕಣ್ಣನನ್ನು ಹುಡುಕಿಕೊಂಡು ಓಡಿದ. ಬಕೆಟ್ಟು ತಂದವನು ಅವನೇ, ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಸರಕಾರದ ಸುಣ್ಣ, ಸರಕಾರದ ಬಕೆಟ್ಟು ಕೇಳದೆ ತಂದದ್ದು ಗೊತ್ತಾದರೆ ಷಡ್ಡಕನ ಕೆಲಸ ಹೋಗುತ್ತದೆ, ತನ್ನ ಬೆನ್ನೂ ಉಳಿಯುವುದಿಲ್ಲ ಎಂದು ಮೂಕಣ್ಣನಿಗೆ ತಿಳಿದಿತ್ತು. ನಾಲ್ಕು ಜನರ ಮುಂದೆ ಪ್ರಭಂಜನ, “ಹೇಳೋ ಮೂಕಣ್ಣ, ಬಕೆಟ್ಟು ತಂದಾಂವ ಯಾರು?” ಎಂದು ಕೇಳಿದರೆ, ಅವನು ಆಕಾಶ ನೋಡಿದ, ಎತ್ತಿನ ಕೊಂಬು ಸವರಿದ, ಕೆಮ್ಮಿದ. ಬದುಕಿನಲ್ಲಿ ಮೊದಲ ಸಲ ಮೂಕಣ್ಣ ತನ್ನ ಹೆಸರು ಉಳಿಸಿಕೊಂಡ.

ಪ್ರಭಂಜನ ಬಂಡಿಗೆ ಮರಳಿದಾಗ ಕಂಪ್ಲಿಯ ಸವಾರಿ ಬಂಡಿ ಎತ್ತು ಬಿಚ್ಚಿ ನಿಂತಿತ್ತು. ಅವರು ಬಂದಾಗಿತ್ತು! ಒಳಗೆ ಇಣುಕಿದ.

ಕೃಷ್ಣಾಬಾಯಿಯವರು ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದರು. ಕಾಲು ಚಾಚಿದ್ದು ಒಳ್ಳೆಯ ಶಕುನ. ಗೋಡೆಯನ್ನು ಅಂಗೈಯಿಂದ ಸವರಿದರು. ಸೆರಗಿನ ತುದಿಯಿಂದ ಕಿಟಕಿಯ ಕಟ್ಟೆ ಒರೆಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿದರು. ಸೆರಗಿಗೆ ಕೆಂಧೂಳು ಹತ್ತಿರಲಿಲ್ಲ. ಬೇರೆ ಏನಾದರೂ ತಪ್ಪು ಸಿಗುತ್ತದೆಯೇ ಎಂದು ಮಾಳಿಗೆ ನೋಡಿದರು.

“ತಂಪದ” ಎಂದರು ಕಡೆಗೆ, ಹಲ್ಲು ಕೀಳಿಸಿಕೊಂಡವರಂತೆ.

ಇಂದಿರಾಬಾಯಿ ತಾಯಿಯ ಬೆನ್ನ ಹಿಂದಿನಿಂದ ಗಂಡನನ್ನು ನೋಡಿದಳು. ಹೂಜಿ ಕೊಡುವ ನೆವದಲ್ಲಿ ಬಾಗಿಲಿಗೆ ಬಂದು ಮೆಲ್ಲಗೆ, “ಭಾಳ ತಂಪದರೀ. ನನ್ನ ಟ್ರಂಕು ಇಳಿಸಿಬಿಡ್ರಿ. ಇಳಿಸಿದ ಮ್ಯಾಲೆ ಅವ್ವ ಏನೂ ಅನ್ನೂದಿಲ್ಲ” ಎಂದಳು. ಅವಳ ಕಿವಿಯ ಹತ್ತಿರ ಒಂದು ಬಿಳಿ ಕೂದಲು ಹುಟ್ಟಿತ್ತು. ಅದು ಯಾವಾಗ ಬಂತು ಎಂದು ಪ್ರಭಂಜನನಿಗೆ ಗೊತ್ತಿರಲಿಲ್ಲ.

ಟ್ರಂಕಿಗೆ ಕೈ ಹಾಕಿದ. ಅಷ್ಟರಲ್ಲಿ ಒಳಗಿನಿಂದ ಪ್ರಶ್ನೆ ಬಂತು.

“ಅಳಿಯಂದ್ರ, ನಾವು ಬಂದು ಇಷ್ಟೊತ್ತಾತು, ಒಬ್ಬ ಹೆಣ್ಣುಮಗಳು ಕುಂಕುಮಕ್ಕ ಅಂತ ಬರಲಿಲ್ಲ. ಕೂಸಿಗೆ ಹಾಲಿಲ್ಲ. ದಾರಿಮ್ಯಾಲೆ ಹೋಗೋರು ಇತ್ತಾಗ ಮುಖ ಸುದ್ದಾ ಹಾಕವಲ್ರು. ನೀವು ಅಳತಿಗೆ ಹೋದ ಮ್ಯಾಲೆ ನನ್ನ ಮಗಳು ಯಾರ ಕೂಡ ಮಾತಾಡ್ಬೇಕು? ಜಾಲಿ ಗಿಡದ ಕೂಡ?”

ಪ್ರಭಂಜನ ಟ್ರಂಕಿನಿಂದ ಕೈ ತೆಗೆದ. ಪ್ಲೇಗಿನ ಮಾತು ಎತ್ತಿದರೆ ಅತ್ತೆ ನಿಂತ ಕಾಲ ಮೇಲೆ ಹೊರಟಾರು. “ಎಲ್ಲಾರೂ... ಮಲಗಿರಬೇಕು. ನಾ ಈಗ ಕರಕೊಂಡು ಬರ್ತೀನಿ. ನೀವು ಸ್ವಲ್ಪ ಅಡ್ಡಾಗ್ರಿ” ಎಂದು ಕೊಡೆ ಸಹ ಇಲ್ಲದೆ ಊರ ಕಡೆ ಓಡಿದ.

ಉಳಿದದ್ದು ಒಂದೇ ದಾರಿ. ಪ್ಲೇಗು ಇಲ್ಲ ಎಂದು ಊರಿಗೆ ಊರೇ ನಂಬಬೇಕಾದರೆ ಹೇಳಬೇಕಾದವರು ಪ್ಲೇಗು ಇನ್‌ಸ್ಪೆಕ್ಟರರು ಮರುಳಸಿದ್ದಪ್ಪನವರು. ಊಟ ಮಾಡಿ ಮಲಗಿದ್ದ ಅವರನ್ನು ಎಬ್ಬಿಸುವುದಕ್ಕೆ ಹಸಿದ ಕರಡಿಯನ್ನು ಎಬ್ಬಿಸುವಷ್ಟು ಧೈರ್ಯ ಬೇಕು. ಪ್ರಭಂಜನ ಎಬ್ಬಿಸಿದ. ಕೈ ಮುಗಿದ. ಇಂದಿರೆ, ಟ್ರಂಕು, ಕಂಪ್ಲಿ, ಬಕೆಟ್ಟು ಎಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಮರುಳಸಿದ್ದಪ್ಪನವರಿಗೂ ಒಬ್ಬ ಅತ್ತೆ ಇದ್ದರು. ಬೂಟು ಹಾಕಿಕೊಂಡು, ಕೊಡೆ ಹಿಡಿದು ಹೊರಟರು.

ಹಿಂದೆ ಊರು ಹೊರಟಿತು. ಉಜ್ಜಿನಪ್ಪ, ಕೊಟ್ರಬಸಮ್ಮ, ಮೂಕಣ್ಣ, ಎಲ್ಲರೂ ಬಯಲಂಚಿನಲ್ಲಿ ಗೆರೆ ಎಳೆದಂತೆ ನಿಂತರು. ಇನ್‌ಸ್ಪೆಕ್ಟರರು ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಕೊಡೆಯ ತುದಿಯಿಂದ ಗಾಲಿ ಚುಚ್ಚಿ, ಬಾಗಿಲಿಗೆ ನಿಂತು, “ಅಮ್ಮಾ, ಒಂದಿಷ್ಟು ನಾಲಿಗಿ ತೋರಸ್ರಿ” ಎಂದರು.

“ಏನಂದ್ರಿ?” ಕೃಷ್ಣಾಬಾಯಿಯವರ ದನಿ ಬಯಲ ತುದಿಗೆ ಕೇಳಿತು. “ಪರಗಂಡಸಿಗೆ ನಾಲಿಗಿ ತೋರಸೋದ? ಅರವತ್ತು ವರ್ಷದಾಗ ನಮ್ಮ ಮನಿಯವರೇ ನೋಡಿಲ್ಲ! ಯಾರ್ರೀ ನೀವು? ಬೂಟು ಹಾಕ್ಕೊಂಡು ಬಾಗಲಿಗೆ ಬಂದೀರಲ್ಲ, ನಿಮ್ಮ ತಾಯಿ ಇದನ್ನ ಕಲಿಸ್ಯಾಳೇನು?”

ಮರುಳಸಿದ್ದಪ್ಪನವರು ಎರಡು ಹೆಜ್ಜೆ ಹಿಂದೆ ಸರಿದು, ಜನರ ಕಡೆ ತಿರುಗಿದರು. “ಇಷ್ಟು ಗಟ್ಟಿ ಮಾತಾಡೋರಿಗೆ ಪ್ಲೇಗು ಬಂದದ್ದು ನನ್ನ ಸರ್ವೀಸಿನಾಗ ನಾ ಕಂಡಿಲ್ಲ. ಕೂಸೂ ಆರಾಮೈತಿ. ಬಂಡಿ ನನ್ನ ಮನಿಗಿಂತ ಸ್ವಚ್ಛ ಐತಿ. ಸುಮ್ಮಸುಮ್ಮನ ಹೆದರಬ್ಯಾಡ್ರಿ, ಬರ್ರಿ.”

ಕೊಟ್ರಬಸಮ್ಮ ಎಲ್ಲರಿಗಿಂತ ಮೊದಲು ಮುಂದೆ ಬಂದಳು. ಕೈಯಲ್ಲಿ ಹಾಲಿನ ಗಡಿಗೆ ಇತ್ತು. ಎಮ್ಮೆ ಒದೆಯುವುದನ್ನು ಬಿಟ್ಟಿತ್ತೆಂದು ಕಾಣುತ್ತದೆ. “ಎಲ್ಲ್ಯದಾಳ್ರಿ ನಿಮ್ಮ ಮಗಳು? ಹಲ್ಲು ಬಿದ್ದೈತಂತಲ್ಲ” ಎಂದು ನಗುತ್ತ ಬಂದಳು. ಪ್ರಭಂಜನ ಟ್ರಂಕನ್ನು ಸವಾರಿ ಬಂಡಿಯಿಂದ ಇಳಿಸಿ ಹೆಗಲ ಮೇಲಿಟ್ಟುಕೊಂಡ. ಅಷ್ಟು ಹಗುರವಾದ ಭಾರವನ್ನು ಅವನು ಯಾವತ್ತೂ ಹೊತ್ತಿರಲಿಲ್ಲ.

ಆಗ ಅಚ್ಚಿನ ಕೆಳಗಿನಿಂದ ದೊರೆ ಹೊರಗೆ ಬಂತು.

ಅದು ನೆಟ್ಟಗೆ ಬರಲಿಲ್ಲ. ಹೆಂಡದಂಗಡಿಯಿಂದ ಮನೆಗೆ ಹೊರಟವನಂತೆ ಎಡಕ್ಕೊಂದು ಹೆಜ್ಜೆ ಬಲಕ್ಕೊಂದು ಹೆಜ್ಜೆ ಇಡುತ್ತ ಬಂತು. ಮೂತಿಗೆಲ್ಲ ನೀಲಿ ಬೆಲ್ಲ ಮೆತ್ತಿತ್ತು. ಮರುಳಸಿದ್ದಪ್ಪನವರ ಬೂಟಿನ ಮುಂದೆ ಬಂದು ನಿಂತಿತು, ತಲೆ ಎತ್ತಿ ನೋಡಿತು, ಮಗ್ಗುಲಾಗಿ ಬಿತ್ತು, ಕಾಲು ಝಾಡಿಸಿತು, ಸತ್ತಿತು.

ಇಲಿ ಸಾಯುವುದು ಪ್ಲೇಗಿನ ಮೊದಲ ಗುರುತು. ಅದು ಆ ಊರಿನ ಎಳೆಮಗುವಿಗೂ ಗೊತ್ತು. ಪ್ರಭಂಜನ ಹೆಗಲ ಮೇಲಿನ ಟ್ರಂಕನ್ನು ಕೆಳಗೆ ಬಿಟ್ಟು, ಓಡಿಬಂದು ಮೊಣಕಾಲೂರಿ ಕೂತು, “ಅಯ್ಯೋ, ದೊರೇ!” ಎಂದು ಕೂಗಿದ.

ಮರುಳಸಿದ್ದಪ್ಪನವರು ಇಲಿಯನ್ನು ನೋಡಿದರು, ಇವನನ್ನು ನೋಡಿದರು.

“ಈ ಇಲಿ ನಿಮಗ ಗೊತ್ತೇನ್ರಿ?”

“ದಿನಾ ರಾತ್ರಿ ನನ್ನ ಕೂಡ ಊಟ ಮಾಡತಿತ್ತು” ಎಂದ ಪ್ರಭಂಜನ. ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಬೇಕೆಂದು ಹೊಳೆಯಲೇ ಇಲ್ಲ.

ಕೊಟ್ರಬಸಮ್ಮನ ಗಡಿಗೆ ಕೈಜಾರಿತು. ಹಾಲು ಕೆಂಪು ನೆಲದಲ್ಲಿ ಇಂಗುವ ಮೊದಲೇ ಬಯಲು ಖಾಲಿಯಾಗಿತ್ತು. ಕಂಪ್ಲಿಯ ಸವಾರಿ ಬಂಡಿಯವನು ಎತ್ತು ಹೂಡಿದ್ದು ಯಾರಿಗೂ ಕಾಣಲಿಲ್ಲ. ಧೂಳು ಮಾತ್ರ ಕಂಡಿತು.

“ಇಲಿ ಕೂಡ ಊಟ!” ಎಂದು ಒಳಗೆ ಕೃಷ್ಣಾಬಾಯಿಯವರು ಕಿವಿ ಮುಚ್ಚಿಕೊಂಡರು. “ಶ್ರೀಹರಿ! ಇವರ ಮನೀ ನೀರು ಕುಡದೆನಲ್ಲೋ!”

“ಪ್ಲೇಗಲ್ರಿ ಸಾಹೇಬರ!” ಪ್ರಭಂಜನ ಗೋಗರೆದ. “ಸುಣ್ಣದಾಗ ಮೈಲುತುತ್ತ ಇತ್ತು, ಅದನ್ನ ನೆಕ್ಕಿ ಸತ್ತದ. ಅದನ್ನ ಕೊಟ್ಟಾಂವ ಉಜ್ಜಿನಪ್ಪ, ಕೇಳ್ರಿ ಬೇಕಾದ್ರ!”

ಉಜ್ಜಿನಪ್ಪ ದೂರದ ಬದುವಿನ ಮೇಲೆ ನಿಂತಿದ್ದ. ಬೆಲ್ಲದಲ್ಲಿ ವಿಷ ಬೆರೆಸಿ ಮಾರಿದ ಎಂಬ ಮಾತು ಹಬ್ಬಿದರೆ ಅಂಗಡಿಯ ಗತಿ ಏನು ಎಂದು ಅವನ ತಲೆಯಲ್ಲಿ ಮಿಂಚಿತು. “ಮೈಲುತುತ್ತನಾ? ನಮ್ಮ ಅಂಗಡ್ಯಾಗ? ಅದರ ಬಣ್ಣನೂ ನಾ ಕಂಡಿಲ್ರೀ ಸಾಹೇಬರ!” ಎಂದು ಅಲ್ಲಿಂದಲೇ ಕೂಗಿದ.

ಮರುಳಸಿದ್ದಪ್ಪನವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡರು. ಈಗ ಅವರಿಗೆ ಅತ್ತೆ ಇರಲಿಲ್ಲ, ಕಾನೂನು ಮಾತ್ರ ಇತ್ತು. “ಇಲಿ ಬಳ್ಳಾರಿ ಡಾಕ್ಟರ ಹತ್ರ ಹೋಗ್ಬೇಕು. ಅಲ್ಲಿಂದ ಉತ್ತರ ಬರೂ ತನಕ, ಇಲ್ಲಾ ಹತ್ತು ದಿನ, ಬಂಡಿ ಒಳಗ ಇದ್ದೋರು ಒಳಗೇ ಇರ್ಬೇಕು. ಊಟ ಕಿಟಕ್ಯಾಗ ಕೊಡಸ್ತೀನಿ. ಇನ್ನ ನೀವು...” ಎಂದು ಪ್ರಭಂಜನನ ಕಡೆ ಕೊಡೆ ತೋರಿಸಿದರು. “ನೀವು ಇಲ್ಲಿರೂ ಹಂಗಿಲ್ಲ. ಇಲಿ ಕೂಡ ಉಂಡೀರಿ. ನೀವು ಶೆಡ್ಡಿಗೆ.”

“ಸಾಹೇಬರ, ನಾನೂ ಬಂಡ್ಯಾಗೇ ಇರ್ತೀನ್ರಿ! ಬೇಕಾದ್ರ ಹತ್ತಲ್ಲ, ತಿಂಗಳಿಡೀ ಬೀಗ ಹಾಕ್ರಿ!”

“ಅದು ರೂಲ್ಸಿನಾಗಿಲ್ಲ.”

ಹನುಮಣ್ಣ ದೊಣ್ಣೆ ಹಿಡಿದು ಬಂದು, ಬೋರಲು ಬಿದ್ದಿದ್ದ ತನ್ನ ಬಕೆಟ್ಟನ್ನು ಎತ್ತಿಕೊಂಡು, ಮಾರು ದೂರದಿಂದ ದಾರಿ ತೋರಿಸಿದ. ಪ್ರಭಂಜನ ನಡೆದ. ಹಿಂದೆ ಕಿಟಕಿಯಲ್ಲಿ ಮೂರು ಮುಖಗಳು.

“ಆ ಮಾಮಾ ಹೊಂಟ್ರು” ಎಂದಳು ಗಂಗಾ.

“ಮಾಮಾ ಅಲ್ಲವಾ” ಎಂದಳು ಇಂದಿರಾಬಾಯಿ. “ಅಪ್ಪ.” ಮುಂದೆ ಅವಳು ಏನೋ ಕೂಗಿದಳು. ಗಾಳಿ ಆ ಕಡೆ ಬೀಸುತ್ತಿತ್ತು, ಪ್ರಭಂಜನನಿಗೆ ಕೇಳಿಸಲಿಲ್ಲ. ಅತ್ತೆಯ ದನಿಗೆ ಗಾಳಿಯ ಹಂಗಿರಲಿಲ್ಲ, ಅದು ಕೇಳಿಸಿತು: “ಹತ್ತು ದಿನ ಆದ ಕೂಡ್ಲೆ ಹನ್ನೊಂದನೇ ದಿನ ಬಂಡಿ ಕಟ್ಟಿಸಿ ಕಂಪ್ಲಿಗೆ ಕಳಿಸಿಕೊಡ್ಬೇಕು ನೋಡ್ರಿ ಮತ್ತ! ಇನ್ನ ಆ ಮಾತು ಎತ್ತಬ್ಯಾಡ್ರಿ!”

ಪ್ಲೇಗಿನ ಶೆಡ್ಡು ಸಹ ತಗಡಿನದೇ. ಗೋಡೆಯೂ ತಗಡು, ಮಾಳಿಗೆಯೂ ತಗಡು. ಊರ ಮನೆಗಳಿಗೆಲ್ಲ ಬಳಿದ ಸುಣ್ಣ ಅದಕ್ಕೆ ಮಾತ್ರ ಒಂದು ಹನಿಯೂ ಬಿದ್ದಿರಲಿಲ್ಲ. ದಿನವಿಡೀ ಕಾದದ್ದು ಸಂಜೆಯಾದರೂ ಆರಿರಲಿಲ್ಲ. ಪ್ರಭಂಜನ ಕಿಂಡಿಯ ಬಳಿ ಕೂತ. ಅಲ್ಲಿಂದ ಬಯಲಾಚೆ ಬಂಡಿ ಕಾಣುತ್ತಿತ್ತು. ಸುತ್ತ ಎಲ್ಲ ಕೆಂಪು, ಅದೊಂದು ಬೆಳ್ಳಗೆ. ಯಾರೋ ಒಳಗೆ ದೀಪ ಹಚ್ಚಿದರು. ತನ್ನ ಮನೆಯಲ್ಲಿ ದೀಪ ಹಚ್ಚಿದ್ದನ್ನು ಅವನು ಹೊರಗಿನಿಂದ ನೋಡಿದ್ದು ಅದೇ ಮೊದಲು.

ಹನುಮಣ್ಣ ದೂರದಿಂದ ಅನ್ನದ ತಟ್ಟೆಯನ್ನು ಕೋಲಿನಿಂದ ಒಳಗೆ ತಳ್ಳಿದ. ಪ್ರಭಂಜನ ಒಂದು ತುತ್ತು ತೆಗೆದು ರೂಢಿಯಂತೆ ಬಾಗಿಲ ಬಳಿ ಇಟ್ಟ. ಯಾರೂ ಬರಲಿಲ್ಲ.

“ರಾಯರ, ಒಂದು ಕೇಳಲ್ರಿ?” ಎಂದ ಹನುಮಣ್ಣ ಆಚೆಯಿಂದ. “ನಿಮ್ಮ ಬಂಡಿ ಒಳಗ ಖರೇನ ತಂಪೈತೇನ್ರಿ?”

“ಅದ” ಎಂದ ಪ್ರಭಂಜನ.

ಮದುವೆಯ ದಿನ ಕೊಟ್ಟ ಮಾತು ನಡೆಯಿತು. ಇಂದಿರಾಬಾಯಿಗೆ ಬಿಸಿಲು ತಾಗಲಿಲ್ಲ.